ಆಕಾಶವೆಂಬ ತಂದೆ, ನಾಲ್ಕು ಕಣ್ಣಿನ ನಾಯಿ

ಋಗ್ವೇದದ ದೇವತೆಗಳಿಗೂ ಗ್ರೀಕರ, ಇರಾನಿಯರ ದೇವತೆಗಳಿಗೂ ಇರುವ ನಂಟಿನ ಬಗ್ಗೆ ಹೋದ ಸಲ ಎರಡು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣವನ್ನೆಲ್ಲ ತುಂಬಿವೆ. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಸ್ಕೃತ ಹೇಳಿಕೊಟ್ಟ ನನಗೆ ಇದಕ್ಕಿಂತ ಇಷ್ಟದ ವಿಷಯ ಇನ್ನೊಂದಿಲ್ಲ.

ಪ್ರ: ಗ್ರೀಕರ ಜ್ಯೂಸ್ ಮತ್ತು ನಮ್ಮ ಇಂದ್ರ ಇಬ್ಬರೂ ಸಿಡಿಲು ಹಿಡಿದವರು, ಇಬ್ಬರೂ ದೇವತೆಗಳ ರಾಜರು. ಹಾಗಾದರೆ ಇಬ್ಬರೂ ಒಬ್ಬನೇ ಅಲ್ಲವೇ ಮೇಡಂ?
— ಶಿರಸಿಯ ಓದುಗರು

ಉ: ಮಾಡುವ ಕೆಲಸ ನೋಡಿದರೆ ಒಬ್ಬನೇ ಅನ್ನಿಸುತ್ತದೆ, ಹೆಸರು ನೋಡಿದರೆ ಅಲ್ಲ. ಜ್ಯೂಸ್ ಎಂಬ ಹೆಸರಿನ ಒಡಹುಟ್ಟು ಋಗ್ವೇದದ ‘ದ್ಯೌಸ್’. ಹಗಲ ಬೆಳಕು ತುಂಬಿದ ಆಕಾಶ ಎಂದರ್ಥ. ಗ್ರೀಕರು ‘ಜ್ಯೂ ಪಾತೆರ್’ ಎಂದು ಕರೆದರು, ರೋಮನ್ನರ ಬಾಯಲ್ಲಿ ಅದು ‘ಜೂಪಿಟರ್’ ಆಯಿತು, ನಮ್ಮ ಋಷಿಗಳು ‘ದ್ಯೌಷ್ಪಿತಃ’ ಎಂದರು. ಮೂರರಲ್ಲೂ ಎರಡನೇ ಭಾಗ ‘ತಂದೆ’ಯೇ.

ಋಗ್ವೇದದ ಆರನೇ ಮಂಡಲದ 51ನೇ ಸೂಕ್ತದಲ್ಲಿ ಒಂದು ಸಾಲಿದೆ: “ದ್ಯೌಷ್ಪಿತಃ ಪೃಥಿವಿ ಮಾತರಧ್ರುಗಗ್ನೇ ಭ್ರಾತರ್ವಸವೋ ಮೃಳತಾ ನಃ”. ತಂದೆ ಆಕಾಶವೇ, ಮೋಸವರಿಯದ ತಾಯಿ ಭೂಮಿಯೇ, ಸೋದರ ಅಗ್ನಿಯೇ, ವಸುಗಳೇ, ನಮ್ಮ ಮೇಲೆ ಕರುಣೆಯಿಡಿ. ತರಗತಿಯಲ್ಲಿ ಈ ಸಾಲನ್ನು ಬೋರ್ಡಿನ ಮೇಲೆ ಬರೆದು ಪಿತರ್, ಮಾತರ್, ಭ್ರಾತರ್ ಎಂಬ ಮೂರು ಪದಗಳ ಕೆಳಗೆ ಗೆರೆ ಎಳೆಯುತ್ತಿದ್ದೆ. ಫಾದರ್, ಮದರ್, ಬ್ರದರ್ ಎಂದು ಹಿಂದಿನ ಬೆಂಚಿನ ಹುಡುಗರೇ ಮೊದಲು ಹೇಳುತ್ತಿದ್ದರು.

ಆದರೆ ಋಗ್ವೇದದ ಹೊತ್ತಿಗೆ ಈ ತಂದೆ ಹಿಂದೆ ಸರಿದಿದ್ದ. 1,028 ಸೂಕ್ತಗಳಲ್ಲಿ ದ್ಯೌಸ್‌ಗೆಂದೇ ಮೀಸಲಾದದ್ದು ಒಂದೂ ಇಲ್ಲ. ಪೃಥಿವಿಯ ಜೊತೆಗೂಡಿ ‘ದ್ಯಾವಾಪೃಥಿವೀ’ ಎಂದು ಹೊಗಳಿಸಿಕೊಂಡದ್ದೇ ಹೆಚ್ಚು. ಇಂದ್ರನಿಗಾದರೋ ಸುಮಾರು 250 ಸೂಕ್ತಗಳಿವೆ. ಗ್ರೀಸಿನಲ್ಲಿ ಸಿಡಿಲು ಆಕಾಶದ ತಂದೆಯ ಕೈಯಲ್ಲೇ ಉಳಿಯಿತು, ಇಲ್ಲಿ ಅದು ಇಂದ್ರನ ವಜ್ರವಾಯಿತು. ಜೂಪಿಟರ್ ನಮ್ಮ ಪಂಚಾಂಗದ ಗುರುಗ್ರಹವೂ ಹೌದು. ಫ್ರೆಂಚರು ಗುರುವಾರಕ್ಕೆ ‘ಜ್ಯೂದಿ’ ಎನ್ನುತ್ತಾರೆ, ಅಂದರೆ ಜೂಪಿಟರನ ದಿನ. ಆ ‘ಜ್ಯೂ’ ನಮ್ಮ ದ್ಯೌಸನೇ.

ಪ್ರ: ವರುಣ–ಯುರೇನಸ್, ಗಂಧರ್ವ–ಸೆಂಟಾರ್, ದೇವ–ಥಿಯೋಸ್, ಸಾರಮೇಯ–ಹರ್ಮಿಸ್. ಹೀಗೆ ನಲವತ್ತು ಜೋಡಿ ಹೆಸರುಗಳ ಪಟ್ಟಿ ಮಾಡಿ ಕಳಿಸಿದ್ದೇನೆ. ಸರಿ ಇದೆಯೇ ಹೇಳಿ.
— ಬಳ್ಳಾರಿಯ ನಿವೃತ್ತ ಬ್ಯಾಂಕ್ ನೌಕರರು

ಉ: ನಿಮ್ಮ ಶ್ರಮ ಕಂಡು ಸಂತೋಷವಾಯಿತು. ಇಲ್ಲಿ ಅಚ್ಚಾಗಿರುವ ನಾಲ್ಕನ್ನು ಮಾತ್ರ ಪಟ್ಟಿಯಿಂದ ತೆಗೆಯಲೇಬೇಕು. ಇವುಗಳಲ್ಲಿ ಹೆಚ್ಚಿನವು 19ನೇ ಶತಮಾನದ ದೊಡ್ಡ ಪಂಡಿತರೇ ಹೂಡಿದ ಜೋಡಿಗಳು. ಅವರ ಕಿವಿಗೂ ನಿಮ್ಮ ಕಿವಿಗೂ ಒಂದೇ ರೀತಿ ಕೇಳಿಸಿದೆ.

ಕಿವಿಯನ್ನು ಏಕೆ ನಂಬಬಾರದು ಎಂಬುದಕ್ಕೆ ನಮ್ಮ ಮನೆಯ ಉದಾಹರಣೆಯೇ ಸಾಕು. ತಮಿಳರ ಪಾಲ್, ಪುಲಿ, ಪಲ್, ಪುಲ್ ನಮ್ಮಲ್ಲಿ ಹಾಲು, ಹುಲಿ, ಹಲ್ಲು, ಹುಲ್ಲು. ಹಳಗನ್ನಡದಲ್ಲಿ ನಮ್ಮದೂ ‘ಪ’ಕಾರವೇ ಆಗಿತ್ತು. ಪಂಪನ ಓದುಗರಿಗೆ ‘ಪೆಸರ್’ ಗೊತ್ತು, ನಾವು ‘ಹೆಸರು’ ಎನ್ನುತ್ತೇವೆ. ಪದದ ಮೊದಲಿನ ‘ಪ’ ಒಂದೆರಡು ಕಡೆ ಆಕಸ್ಮಿಕವಾಗಿ ‘ಹ’ ಆದದ್ದಲ್ಲ, ಅಚ್ಚಗನ್ನಡ ಪದಗಳಲ್ಲಿ ಸಾಲುಸಾಲಾಗಿ ಆಯಿತು. ಹೀಗೆ ಸಾಲಾಗಿ ಬಂದರೆ ಮಾತ್ರ ನಂಟು ಖಚಿತ.

ವೇದಕ್ಕೂ ಇರಾನಿನ ಹಳೆಯ ಧರ್ಮಗ್ರಂಥ ಅವೆಸ್ತಾಕ್ಕೂ ನಡುವೆ ಇಂಥ ಸಾಲು ಇದೆ. ನಮ್ಮ ‘ಸ’ ಅಲ್ಲಿ ‘ಹ’: ಸೋಮ–ಹಓಮ, ಸಪ್ತ–ಹಪ್ತ, ಅಸುರ–ಅಹುರ. ಗ್ರೀಕಿನಲ್ಲಿ ನಮ್ಮ ‘ದ’ಕ್ಕೆ ‘ದ’ವೇ ಬರಬೇಕು, ‘ದಶ’ಕ್ಕೆ ‘ದೆಕ’ ಬಂದ ಹಾಗೆ. ಗ್ರೀಕಿನ ‘ಥ’ಕ್ಕೆ ನಮ್ಮಲ್ಲಿ ‘ಧ’ ಇರಬೇಕು, ‘ಥೂಮೋಸ್’ಗೆ ‘ಧೂಮ’ ಇರುವಂತೆ. ಆದ್ದರಿಂದ ದೇವ–ಥಿಯೋಸ್ ಬಿದ್ದುಹೋಗುತ್ತದೆ. ‘ದೇವ’ನ ನಿಜವಾದ ಬಂಧುಗಳು ಲ್ಯಾಟಿನ್ನಿನ ‘ದೇಉಸ್’, ಲಿಥುವೇನಿಯಾದ ‘ದಿಯೆವಾಸ್’.

ಇನ್ನೊಂದು ಬಂಧು ಇಂಗ್ಲಿಷಿನಲ್ಲಿ ಅಡಗಿದ್ದಾನೆ. ನಮ್ಮ ‘ದ’ ಅಲ್ಲಿ ‘ಟ’: ದ್ವಿ–ಟೂ, ದಶ–ಟೆನ್, ದಂತ–ಟೂತ್. ಅದೇ ಸಾಲಿನಲ್ಲಿ ಟ್ಯೂಸ್‌ಡೇ. ಅದು ‘ಟಿವ್’ ಎಂಬ ಹಳೆಯ ಜರ್ಮಾನಿಕ್ ದೇವರ ದಿನ, ಮತ್ತು ‘ಟಿವ್’ ಎಂಬುದು ‘ದೇವ’ ಪದವೇ. ಕೇಳಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುವ ಜೋಡಿ ನಿಜ, ತದ್ರೂಪು ಅನ್ನಿಸಿದ್ದು ಸುಳ್ಳು.

ವರುಣನ ವಿಷಯ: ಯುರೇನಸ್ ಎಂಬುದರ ಗ್ರೀಕ್ ಮೂಲ ‘ಊರಾನೋಸ್’ ನಮ್ಮ ‘ವರ್ಷ’ ಅಂದರೆ ಮಳೆಯ ಧಾತುವಿಗೆ ಹತ್ತಿರ ಎಂದು ಇಂದಿನ ಹಲವು ವಿದ್ವಾಂಸರ ಅಭಿಪ್ರಾಯ. ವರುಣನ ಹೆಸರಿಗೆ ಅದು ಕೂಡುವುದಿಲ್ಲ.

ಪ್ರ: ಯಮನ ಎರಡು ನಾಯಿಗಳಿಗೆ ನಾಲ್ಕು ನಾಲ್ಕು ಕಣ್ಣು ಎಂದು ಓದಿದೆ. ಇದು ಬರೀ ಕಲ್ಪನೆಯೇ?
— ಮಡಿಕೇರಿಯ ಓದುಗರು

ಉ: ಈ ಪತ್ರ ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನಮ್ಮದು ಶೃಂಗೇರಿ ಕಡೆಯ ಮನೆ. ಅಜ್ಜ ಮಧ್ಯಾಹ್ನದ ಊಟಕ್ಕೆ ಮೊದಲು ಬಲಿಹರಣ ಮಾಡಿ, ಅಂಗಳದಂಚಿನ ಕಲ್ಲಿನ ಮೇಲೆ ಅನ್ನದ ಉಂಡೆ ಇಡುತ್ತಿದ್ದರು. ಆಗ ಹೇಳುತ್ತಿದ್ದ ಮಂತ್ರದಲ್ಲಿ “ಶ್ಯಾಮಶಬಲೌ ವೈವಸ್ವತಕುಲೋದ್ಭವೌ” ಎಂಬ ಮಾತು ನನ್ನ ಕಿವಿಯಲ್ಲಿ ಉಳಿದುಕೊಂಡಿತ್ತು. ಅಜ್ಜ ಕೈ ತೊಳೆಯಲು ಹೋದ ಕೂಡಲೇ ಬಚ್ಚಲ ಹಿಂದಿನಿಂದ ನಮ್ಮ ನಾಯಿ ಕಾಳ ಬರುತ್ತಿದ್ದ. ಮೈಯೆಲ್ಲ ಕಪ್ಪು, ಎರಡು ಕಣ್ಣಿನ ಮೇಲೂ ಹುಣಸೆ ಬೀಜದಷ್ಟು ಕಂದು ಚುಕ್ಕೆ. ಅವನು ನಿದ್ದೆ ಮಾಡುವಾಗಲೂ ಕಣ್ಣು ಬಿಟ್ಟ ಹಾಗೇ ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಅದಕ್ಕೆ ನಾನು ಹೆದರುತ್ತಿದ್ದೆ.

ಶ್ಯಾಮ, ಶಬಲ ಎಂದರೆ ಕಪ್ಪು ನಾಯಿ ಮತ್ತು ಮಚ್ಚೆಯ ನಾಯಿ. ವೈವಸ್ವತ ಎಂದರೆ ವಿವಸ್ವಂತನ ಮಗ ಯಮ. ಋಗ್ವೇದದ ಹತ್ತನೇ ಮಂಡಲದ 14ನೇ ಸೂಕ್ತದಲ್ಲಿ ಸತ್ತವನಿಗೆ ಹೇಳುವ ಮಾತಿದು: “ಅತಿ ದ್ರವ ಸಾರಮೇಯೌ ಶ್ವಾನೌ ಚತುರಕ್ಷೌ ಶಬಲೌ ಸಾಧುನಾ ಪಥಾ”. ದೇವತೆಗಳ ಹೆಣ್ಣುನಾಯಿ ಸರಮೆಯ ಮಕ್ಕಳಾದ, ನಾಲ್ಕು ಕಣ್ಣಿನ, ಮಚ್ಚೆಯ ಆ ಎರಡು ನಾಯಿಗಳನ್ನು ದಾಟಿ ನೇರ ದಾರಿಯಲ್ಲಿ ಓಡು. ನಾನೂ ಇದನ್ನು ಬಹಳ ಕಾಲ ಕವಿಕಲ್ಪನೆ ಎಂದೇ ತಿಳಿದಿದ್ದೆ.

ಎಷ್ಟೋ ವರ್ಷಗಳ ಮೇಲೆ ಪುಣೆಯ ಗ್ರಂಥಾಲಯವೊಂದರಲ್ಲಿ ಜರತುಷ್ಟ್ರ ಮತದವರ, ಅಂದರೆ ಪಾರ್ಸಿಗಳ, ಧರ್ಮಗ್ರಂಥ ‘ವೆಂದಿದಾದ್’ ಓದುತ್ತಿದ್ದೆ. ಅದರ ಎಂಟನೇ ಅಧ್ಯಾಯದಲ್ಲಿ ಶವ ಸಾಗಿಸಿದ ದಾರಿಯನ್ನು ಶುದ್ಧ ಮಾಡುವ ವಿಧಿ ಬರುತ್ತದೆ. ಆ ದಾರಿಯಲ್ಲಿ ನಾಲ್ಕು ಕಣ್ಣಿನ ಹಳದಿ ನಾಯಿಯನ್ನೋ, ಹಳದಿ ಕಿವಿಯ ಬಿಳಿ ನಾಯಿಯನ್ನೋ ನಡೆಸಬೇಕು ಎನ್ನುತ್ತದೆ. ಪಾರ್ಸಿಗಳು ಶವದ ಬಳಿಗೆ ನಾಯಿಯನ್ನು ಕರೆತಂದು ಅದರ ನೋಟ ಬೀಳಿಸುವ ಪದ್ಧತಿಗೆ ‘ಸಗ್‌ದೀದ್’ ಎನ್ನುತ್ತಾರೆ, ನಾಯಿಯ ನೋಟ ಎಂದರ್ಥ. ನಾಲ್ಕು ಕಣ್ಣಿನ ನಾಯಿ ಎಂದರೆ ಅವರ ಲೆಕ್ಕದಲ್ಲಿ ಕಣ್ಣುಗಳ ಮೇಲೆ ಎರಡು ಚುಕ್ಕೆ ಇರುವ ನಾಯಿ.

ಕಾಳನ ಮುಖ ನೆನಪಾಯಿತು. ಪುಸ್ತಕ ಮುಚ್ಚಿ ಹೊರಗೆ ಬಂದೆ.

ಕೇವಲ ‘ಸಾವಿನ ಬಾಗಿಲಲ್ಲಿ ನಾಯಿ’ ಎಂಬ ಹೊಂದಿಕೆಯಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಗ್ರೀಕರಿಗೂ ಸತ್ತವರ ಲೋಕದ ಬಾಗಿಲು ಕಾಯುವ ಕೆರ್ಬೆರೋಸ್ ಎಂಬ ನಾಯಿ ಇದ್ದಾನೆ. ನಾಯಿ ಹೇಗೂ ಕಾವಲಿನ ಪ್ರಾಣಿ, ಯಾರಿಗೆ ಬೇಕಾದರೂ ತೋಚಬಹುದು. ಆದರೆ ಎರಡು ಚುಕ್ಕೆಯನ್ನು ಕಣ್ಣೆಂದು ಎಣಿಸಿ ‘ನಾಲ್ಕು ಕಣ್ಣು’ ಎನ್ನುವುದು, ಅದನ್ನು ಸಾವಿಗೇ ಜೋಡಿಸುವುದು ಎರಡು ಜನಕ್ಕೆ ಬೇರೆ ಬೇರೆಯಾಗಿ ತೋಚುವಂಥದ್ದಲ್ಲ. ವೇದದವರೂ ಇರಾನಿಯರೂ ಒಂದೇ ಜನವಾಗಿದ್ದ ಕಾಲದ ಮಾತಿದು. ಯಮನೂ ಆ ಕಾಲದವನೇ. ಅವೆಸ್ತಾದಲ್ಲಿ ಅವನು ‘ಯಿಮ’, ತಂದೆ ‘ವೀವಂಹ್ವಂತ’.

ಯಮ ಎಂಬ ಹೆಸರಿನ ಅರ್ಥ ಅವಳಿ. ಯಮಳಾರ್ಜುನ ವೃಕ್ಷಗಳ ಕಥೆ ಗೊತ್ತಿರುವವರಿಗೆ ‘ಯಮಳ’ ಗೊತ್ತು, ಜೋಡಿ ಎಂದು. ದೂರದ ಐಸ್‌ಲ್ಯಾಂಡಿನ ಪುರಾಣದಲ್ಲಿ ‘ಯಿಮಿರ್’ ಎಂಬ ಆದಿಪುರುಷನನ್ನು ಕಡಿದು ಅವನ ಮಾಂಸದಿಂದ ನೆಲ, ಎಲುಬಿನಿಂದ ಬೆಟ್ಟ, ತಲೆಬುರುಡೆಯಿಂದ ಆಕಾಶ ಮಾಡಿದರು. ಅವನ ಹೆಸರನ್ನೂ ಅವಳಿ ಎಂಬ ಇದೇ ಮೂಲಕ್ಕೆ ಸೇರಿಸುತ್ತಾರೆ. ನಮ್ಮ ಪುರುಷಸೂಕ್ತದಲ್ಲಿ “ಶೀರ್ಷ್ಣೋ ದ್ಯೌಃ ಸಮವರ್ತತ”, ತಲೆಯಿಂದ ಆಕಾಶವಾಯಿತು. ಯಮನ ಅಣ್ಣತಮ್ಮಂದಿರಲ್ಲಿ ಒಬ್ಬ ಮನು. ರೋಮಿನ ಟ್ಯಾಸಿಟಸ್ ಕ್ರಿ.ಶ. 98ರಲ್ಲಿ ಜರ್ಮನ್ ಬುಡಕಟ್ಟುಗಳ ಬಗ್ಗೆ ಬರೆಯುತ್ತ, ಅವರ ಮೂಲಪುರುಷನ ಹೆಸರು ‘ಮನ್ನುಸ್’ ಎಂದಿದ್ದಾನೆ.

ಪ್ರ: ಟರ್ಕಿಯಲ್ಲಿ ಇಂದ್ರನ ಹೆಸರು ಕೆತ್ತಿದ ಕಲ್ಲು ಸಿಕ್ಕಿದೆ ಎಂದು ವಾಟ್ಸ್ಆಪ್‌ನಲ್ಲಿ ಬಂದಿದೆ. ನಿಜವೇ?
— ದಾವಣಗೆರೆಯ ಓದುಗರು

ಉ: ಕಲ್ಲಲ್ಲ, ಸುಟ್ಟ ಮಣ್ಣಿನ ಫಲಕ. ಇಂದಿನ ಟರ್ಕಿಯಲ್ಲಿ ಹಿಂದೆ ಆಳಿದ ಹಿಟ್ಟೈಟರ ರಾಜಧಾನಿ ಹತ್ತುಸಾದಲ್ಲಿ 1906ರಿಂದ ಅಗೆತ ನಡೆದಾಗ ಫಲಕಗಳ ಭಂಡಾರವೇ ಸಿಕ್ಕಿತು. ಅದರಲ್ಲಿ ಹಿಟ್ಟೈಟ್ ದೊರೆ ಸುಪ್ಪಿಲುಲಿಯುಮನಿಗೂ ಇಂದಿನ ಸಿರಿಯಾದ ಉತ್ತರ ಭಾಗದಲ್ಲಿದ್ದ ಮಿತನ್ನಿ ರಾಜ್ಯದ ಶತ್ತಿವಾಜನಿಗೂ ಕ್ರಿ.ಪೂ. 14ನೇ ಶತಮಾನದಲ್ಲಿ ಆದ ಒಪ್ಪಂದವಿದೆ. ಸಾಕ್ಷಿಗೆ ಕರೆದ ದೇವತೆಗಳ ಉದ್ದನೆಯ ಪಟ್ಟಿಯಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರು (ಅಶ್ವಿನೀದೇವತೆಗಳು) ಬರುತ್ತಾರೆ.

ಅಲ್ಲೇ ಸಿಕ್ಕ ಇನ್ನೊಂದು ಗ್ರಂಥ ನನಗೆ ಇನ್ನೂ ಪ್ರಿಯ. ಮಿತನ್ನಿಯ ಕಿಕ್ಕುಲಿ ಎಂಬವನು ರಥದ ಕುದುರೆಗಳನ್ನು ದಿನದಿನಕ್ಕೆ ಹೇಗೆ ಪಳಗಿಸಬೇಕು ಎಂದು ಅದರಲ್ಲಿ ಹೇಳುತ್ತಾನೆ. ಸುತ್ತುಗಳ ಲೆಕ್ಕಕ್ಕೆ ಅವನು ಬಳಸುವ ಪದಗಳು ಐಕವರ್ತನ್ನ, ತೇರವರ್ತನ್ನ, ಪಂಜವರ್ತನ್ನ, ಸತ್ತವರ್ತನ್ನ. ಏಕ, ತ್ರಿ, ಪಂಚ, ಸಪ್ತ. ಇರಾನಿ ಭಾಷೆಯಾಗಿದ್ದರೆ ಒಂದಕ್ಕೆ ‘ಐವ’ ಬರಬೇಕಿತ್ತು. ‘ಐಕ’ ಬಂದಿರುವುದರಿಂದ ಇದು ವೇದದ ಮಾತಿಗೆ ಸೇರಿದ ಕವಲು. ಮಿತನ್ನಿಯ ಜನಸಾಮಾನ್ಯರು ಆಡುತ್ತಿದ್ದುದು ಹುರಿಯನ್ ಎಂಬ ಬೇರೆಯೇ ಭಾಷೆ. ದೇವರ ಹೆಸರು, ರಾಜರ ಹೆಸರು, ಕುದುರೆಯ ಮಾತು, ಇಷ್ಟು ಮಾತ್ರ ಈ ಕಡೆಯದು.

ಪ್ರ: ಇದನ್ನೆಲ್ಲ ಬರೆದು ಕೊನೆಗೆ ನಮ್ಮ ವೇದ ಹೊರಗಿನಿಂದ ಬಂದದ್ದು ಎಂದು ಹೇಳಲು ಹೊರಟಿದ್ದೀರಾ? ಮನಸ್ಸಿಗೆ ನೋವಾಗುತ್ತದೆ.
— ಬೆಂಗಳೂರಿನ ಓದುಗರು

ಉ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಅದಕ್ಕೇ ಎರಡು ವಿಷಯಗಳನ್ನು ಬಿಡಿಸಿ ಹೇಳುತ್ತೇನೆ.

ಋಗ್ವೇದದ ಸೂಕ್ತಗಳು ಹುಟ್ಟಿದ್ದು ಈ ಉಪಖಂಡದ ವಾಯವ್ಯದಲ್ಲಿ. ನದೀಸೂಕ್ತ ಗಂಗೆ, ಯಮುನೆ, ಸರಸ್ವತಿ, ಶುತುದ್ರಿ, ಪರುಷ್ಣಿ ಎಂದು ಒಂದೊಂದೇ ನದಿಯ ಹೆಸರು ಹಿಡಿದು ಕರೆಯುತ್ತದೆ. ಆ ನದಿಗಳ ನೀರು ಕುಡಿದವರೇ ಅದನ್ನು ಕಟ್ಟಿದವರು. ಆದರೆ ಅವರು ಆಡಿದ ಭಾಷೆ, ಹೇಳಿದ ಕೆಲವು ಹೆಸರುಗಳು, ಕೆಲವು ಕಥೆಗಳು ಸೂಕ್ತಗಳಿಗಿಂತ ಹಳೆಯವು. ಅವುಗಳ ಮೂಲನೆಲೆ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ, ನನ್ನದೂ ಅದೇ. ಅರೆಗಳುಳ್ಳ ಚಕ್ರದ ರಥಗಳಲ್ಲಿ ಅತಿ ಹಳೆಯವು ಉರಾಲ್ ಪರ್ವತದ ದಕ್ಷಿಣದ ಸಿಂತಾಷ್ಟಾದ ಗೋರಿಗಳಲ್ಲಿ ಸಿಕ್ಕಿವೆ, ಕಾಲ ಸುಮಾರು ಕ್ರಿ.ಪೂ. 2000. 2019ರಲ್ಲಿ ಎರಡು ಡಿಎನ್‌ಎ ಅಧ್ಯಯನಗಳು ಬಂದವು. ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ ಹರಪ್ಪ ಕಾಲದ ಹೆಂಗಸಿನ ಎಲುಬಿನಲ್ಲಿ ಹುಲ್ಲುಗಾವಲಿನವರ ವಂಶದ ಗುರುತು ಕಾಣಲಿಲ್ಲ. ಅದು ಇಲ್ಲಿಗೆ ಬಂದದ್ದು ಕ್ರಿ.ಪೂ. 2000ದಿಂದ 1500ರ ನಡುವೆ ಎಂದು ಇನ್ನೊಂದು ಅಧ್ಯಯನ ತೋರಿಸಿತು. ಇದನ್ನು ಒಪ್ಪದ ವಿದ್ವಾಂಸರು ನಮ್ಮಲ್ಲಿದ್ದಾರೆ, ಅವರನ್ನೂ ಓದುತ್ತೇನೆ. ಭಾಷೆಯ ಸಾಕ್ಷ್ಯಕ್ಕೆ ಅವರಿಂದ ತೃಪ್ತಿಯಾಗುವ ಉತ್ತರ ನನಗೆ ಸಿಕ್ಕಿಲ್ಲ.

ಕನ್ನಡದವಳಾಗಿ ಇನ್ನೊಂದು ಮಾತು. ತಂದೆ, ತಾಯಿ, ಅಣ್ಣ ಎಂಬ ನನ್ನ ಮನೆಮಾತು ಸಂಸ್ಕೃತ, ಗ್ರೀಕ್‌ಗಳ ಆ ಭಾಷಾ ಕುಟುಂಬಕ್ಕೆ ಸೇರಿದ್ದೇ ಅಲ್ಲ, ದ್ರಾವಿಡದ್ದು. ಹಾಗಿದ್ದೂ ಇಡೀ ಋಗ್ವೇದಕ್ಕೆ ಇಂದು ಜಗತ್ತೇ ತೆರೆದು ನೋಡುವ ಭಾಷ್ಯ ಬರೆದ ಸಾಯಣಾಚಾರ್ಯರು 14ನೇ ಶತಮಾನದಲ್ಲಿ ಇದ್ದದ್ದು ನಮ್ಮ ವಿಜಯನಗರದ ಆಸ್ಥಾನದಲ್ಲಿ. ಎಲ್ಲೋ ಹುಟ್ಟಿದ ಮಾತನ್ನು ತುಂಗಭದ್ರೆಯ ದಡದಲ್ಲಿ ಕೂತು ಅಕ್ಷರ ಅಕ್ಷರವಾಗಿ ಬಿಡಿಸಿದರು. ಅದನ್ನು ನೆನೆದಾಗ ನನಗೆ ಹೆಮ್ಮೆಯೇ ಆಗುತ್ತದೆ.

ಪ್ರ: ನಾನು ಪಿಯುಸಿ ಓದುತ್ತಿದ್ದೇನೆ ಟೀಚರ್. ಋಗ್ವೇದವನ್ನು ಓದಬೇಕೆಂದಿದ್ದೇನೆ. ಯಾವ ಸೂಕ್ತದಿಂದ ಶುರು ಮಾಡಲಿ?
— ಹಾಸನದ ವಿದ್ಯಾರ್ಥಿನಿ

ಉ: ಮೊದಲ ಮಂಡಲದ 113ನೇ ಸೂಕ್ತದಿಂದ ಶುರು ಮಾಡು ಮಗಳೇ. ಉಷೆಯ ಸೂಕ್ತ. ಗ್ರೀಕರ ‘ಏಓಸ್’, ರೋಮನ್ನರ ‘ಔರೋರಾ’, ಲಿಥುವೇನಿಯಾದವರು ಇಂದಿಗೂ ಬೆಳಗಿಗೆ ಹೇಳುವ ‘ಔಷ್ರಾ’, ಎಲ್ಲ ಇವಳ ಅಕ್ಕತಂಗಿಯರು. ಹನ್ನೊಂದನೇ ಋಕ್ಕಿಗೆ ಬಂದಾಗ ನಿಧಾನ ಮಾಡು. ಹಿಂದಿನ ಬೆಳಗುಗಳನ್ನು ಕಂಡ ಮನುಷ್ಯರು ಹೋಗಿಬಿಟ್ಟರು, ಈಗ ನಾವು ನೋಡುತ್ತಿದ್ದೇವೆ, ಮುಂದೆ ನೋಡುವವರು ಬರುತ್ತಿದ್ದಾರೆ ಎನ್ನುತ್ತದೆ ಅದು.

ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಮೈಸೂರಿನಿಂದ ಹೊರಬಂದ ಋಗ್ವೇದದ ಸಂಪುಟಗಳು ಹಳೆಯ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಕನ್ನಡ ಲಿಪಿಯಲ್ಲಿ ಮೂಲ, ಸಾಯಣಭಾಷ್ಯ, ಕನ್ನಡ ಅರ್ಥ ಮೂರೂ ಇವೆ. ಪದ ಬಿಡಿಸಿಕೊಂಡು ದಿನಕ್ಕೆ ಎರಡು ಋಕ್ಕು ಓದು. ಎಲ್ಲಾದರೂ ತೊಡಕಾದರೆ ಋಕ್ಕಿನ ಸಂಖ್ಯೆ ಹಾಕಿ ಪತ್ರ ಬರೆ, ಉತ್ತರಿಸುತ್ತೇನೆ.