ರ್ಯಾಷನಲ್, ರೀಸನಬಲ್, ಪ್ರೂಡೆಂಟ್ ಎಲ್ಲವೂ ‘ವಿವೇಕ’ವೇ?

ರ್ಯಾಷನಲ್, ರೀಸನಬಲ್, ಸೆನ್ಸಿಬಲ್, ಪ್ರೂಡೆಂಟ್, ಡಿಸರ್ನಿಂಗ್ ಎಲ್ಲಕ್ಕೂ ನಿಮ್ಮ ನಿಘಂಟು ‘ವಿವೇಕಯುತ’ ಅಂತಲೇ ಹೇಳುತ್ತೆ, ಹಾಗಾದರೆ ಎಲ್ಲಿ ಯಾವುದು ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು. ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೀನಿ, ಮನೆಯಲ್ಲಿ ಅಡಿಕೆ ತೋಟವಿದೆ. ಈ ಪದಗಳು ನನಗೆ ಬಿಡಿಸಿ ಕಂಡಿದ್ದು ತೋಟದಲ್ಲೇ.

ಹೆಚ್ಚು ಗೊಂದಲ ಮೊದಲೆರಡರಲ್ಲಿ. ರ್ಯಾಷನಲ್‌ನ ಲ್ಯಾಟಿನ್ ಮೂಲಕ್ಕೆ ‘ಲೆಕ್ಕ’ ಅಂತ ಅರ್ಥ. ಅಡಿಕೆ ಮರ ಹತ್ತಿ ಗೊನೆ ಇಳಿಸುವ, ಔಷಧಿ ಹೊಡೆಯುವ ಕೊನೆಗಾರನಿಗೆ ಕೂಲಿ ಕಡಿಮೆ ಮಾಡಿದಷ್ಟೂ ನನಗೆ ಉಳಿತಾಯ. ಲೆಕ್ಕ ಸರಿಯಿದೆ, ಆದ್ದರಿಂದ ರ್ಯಾಷನಲ್. ಆದರೆ ಜುಲೈ ಮಳೆಯಲ್ಲಿ, ಪಾಚಿಗಟ್ಟಿದ ಮರದ ತುದಿಗೆ ಹತ್ತಿ ಔಷಧಿ ಹೊಡೆಯುವವನು ನಾಲ್ಕು ಕಾಸು ಹೆಚ್ಚು ಕೇಳಿದರೆ ‘ಅವನು ಕೇಳೋದು ನ್ಯಾಯವೇ’ ಅಂತೀವಲ್ಲ, ಆ ನ್ಯಾಯವೇ ರೀಸನಬಲ್. ಎದುರಿಗಿರುವವನನ್ನೂ ಗಣನೆಗೆ ತಗೊಂಡ ಬುದ್ಧಿ ಅದು. ಅಂಗಡಿಯಲ್ಲಿ ‘ರೀಸನಬಲ್ ರೇಟ್’ ಅಂತಾರೆ, ‘ರ್ಯಾಷನಲ್ ರೇಟ್’ ಅನ್ನಲ್ಲ.

ಪ್ರೂಡೆಂಟ್‌ಗೆ ನಮ್ಮ ‘ಮುಂದಾಲೋಚನೆ’ ಸರಿಯಾಗಿ ಕೂರುತ್ತೆ. ಅದರ ಲ್ಯಾಟಿನ್ ಮೂಲವೂ ‘ಮುಂಚೆಯೇ ಕಾಣುವುದು’ ಅಂತಲೇ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣದ ಲೆಕ್ಕದಲ್ಲಿ ಕೊಳೆ ರೋಗದ ಔಷಧಿ ಬೋರ್ಡೋ ಮಾಡಿ, ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗೆ ಹೊಡೆಸಿದವನು ಪ್ರೂಡೆಂಟ್. ಕಾಯಿಗೆ ಕೊಳೆ ಬಿದ್ದ ಮೇಲೆ ಆಳು ಹುಡುಕುವವನು ಅಲ್ಲ.

ಸೆನ್ಸಿಬಲ್ ಅಂದರೆ ಮಾಮೂಲಿ ತಿಳುವಳಿಕೆ. ಮಂಜು ಕವಿದ ಆಗುಂಬೆ ಘಾಟಿಯಲ್ಲಿ ಗಾಡಿ ನಿಧಾನ ಇಳಿಸುವುದು. ಸೂಕ್ಷ್ಮ ಸ್ವಭಾವದ ಸೆನ್ಸಿಟಿವ್ ಜೊತೆ ದಯವಿಟ್ಟು ಬೆರೆಸಬೇಡಿ, ಪ್ರತಿ ವರ್ಷ ಕ್ಲಾಸಿನಲ್ಲಿ ಇದೇ ತಪ್ಪು.

ಡಿಸರ್ನಿಂಗ್ ನನಗೆ ಬಲು ಇಷ್ಟದ ಪದ. ಅದರ ಮೂಲಾರ್ಥ ‘ಬೇರೆ ಬೇರೆ ಮಾಡುವುದು’. ನಮ್ಮ ‘ವಿವೇಕ’ದ ಸಂಸ್ಕೃತ ಧಾತುವಿಗೂ ಅದೇ ಅರ್ಥ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ವಿವೇಕಕ್ಕೆ ನಿಜವಾದ ಜೋಡಿ ಇದೊಂದೇ ಅಂತ ನನ್ನ ಅಭಿಪ್ರಾಯ. ಬೇಯಿಸಿ ಒಣಗಿಸಿದ ಅಡಿಕೆಯನ್ನು ಅಮ್ಮ ಜಗಲಿಯಲ್ಲಿ ಕೂತು ಆರಿಸ್ತಾರೆ. ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ನಾಲ್ಕು ಕಡೆ ಹಾಕ್ತಾರೆ. ಶಿವಮೊಗ್ಗ ಮಂಡಿಯಲ್ಲಿ ಮೇಲ್ದರ್ಜೆಯ ಸರಕಿಗೂ ಕೆಳದರ್ಜೆಯ ಗೊರಬಲಿಗೂ ದರದಲ್ಲಿ ಅಜಗಜಾಂತರ, ಕೈ ತಪ್ಪುವ ಹಾಗಿಲ್ಲ. ಹೇಗೆ ಗೊತ್ತಾಗ್ತದೆ ಅಂತ ಕೇಳಿದರೆ ತಲೆ ಎತ್ತದೆ ‘ನೋಡಿದ್ರೆ ಗೊತ್ತಾಗ್ತದೆ ಮಾರಾಯ’ ಅಂತಾರೆ. ಇಂಗ್ಲಿಷಿನವರು ‘ಡಿಸರ್ನಿಂಗ್ ಐ’ ಅನ್ನೋದು ಆ ಕಣ್ಣಿಗೇ.