ಮಾವನವರ ಜೇಬಿನ ಜಿಲೇಬಿ ಕಾಗದ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮಾವನವರಿಗೆ 66 ವರ್ಷ. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಯಿತು. ಕಳೆದ ಸಲ ಎಚ್‌ಬಿಎ1ಸಿ ಅನ್ನೋ ಸಕ್ಕರೆ ಪರೀಕ್ಷೆಯಲ್ಲಿ 9.4 ಬಂತು. ಅಂದಿನಿಂದ ಊಟಕ್ಕೆ ಕೂತರೆ ಸಾಕು, ಮನೆಯಲ್ಲಿ ಜಗಳ. ನಮ್ಮ ಯಜಮಾನರು "ಎಷ್ಟು ಸಲ ಹೇಳೋದಪ್ಪ ನಿಂಗೆ" ಅಂತ ರೇಗುತ್ತಾರೆ. ಅತ್ತೆ ಅಳುತ್ತಾರೆ. ಮಾವ ಕೊಬ್ಬರಿ ಮಾರಲು ಹೋದಾಗ ಹೊರಗೆ ಸಿಹಿ ತಿನ್ನುತ್ತಾರೆ. ಒಗೆಯಲು ಹಾಕಿದ ಅಂಗಿ ಜೇಬಲ್ಲಿ ಜಿಲೇಬಿ ಕಟ್ಟಿದ ಕಾಗದ ಸಿಕ್ಕಿತು. ಹೋದ ವಾರ ಜಗಳವಾಗಿ ಊಟ ಬಿಟ್ಟು ಎದ್ದರು, ಮಾತ್ರೆಯನ್ನಷ್ಟೇ ನುಂಗಿ ಮಲಗಿದರು. ರಾತ್ರಿ ಮೈಯೆಲ್ಲ ಬೆವರಿ ಕೈ ನಡುಗಿತಂತೆ. ಹೇಳಿದ್ದು ಎರಡು ದಿನ ಬಿಟ್ಟು, ಅದೂ ನನ್ನ ಮಗಳ ಹತ್ತಿರ. ಚೀಟಿಯಲ್ಲಿ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಇದೆ. ಇವರಿಂದ ಪಥ್ಯ ಮಾಡಿಸುವುದು ಹೇಗೆ?
- ಹೆಸರು ಬೇಡ, ತಿಪಟೂರು

ಉತ್ತರ: ಮೊದಲು ಆ ರಾತ್ರಿಯ ವಿಷಯ ಮಾತಾಡೋಣ ತಾಯಿ. ಜಿಲೇಬಿಗಿಂತ ನನಗೆ ಅದೇ ಜಾಸ್ತಿ ಭಯ ಹುಟ್ಟಿಸಿತು.

ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ಸಕ್ಕರೆ ತೀರಾ ಕೆಳಗೆ ಇಳಿಯಬಹುದು. ಮನೆಯಲ್ಲಿ ಪರೀಕ್ಷೆ ಮಾಡುವ ರಕ್ತದ ಸಕ್ಕರೆ 70ಕ್ಕಿಂತ (ಮಿ.ಗ್ರಾಂ/ಡೆ.ಲೀ.) ಕಡಿಮೆಯಾದರೆ ಬೆವರು, ನಡುಕ, ಎದೆಬಡಿತ ಶುರುವಾಗುತ್ತವೆ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಎಚ್ಚರವೂ ತಪ್ಪಬಹುದು. ಇನ್ನೊಮ್ಮೆ ಹೀಗಾದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ತಕ್ಷಣ ಕುಡಿಸಿ. 15 ನಿಮಿಷ ಬಿಟ್ಟು ಪರೀಕ್ಷಿಸಿ. ಏರಿಲ್ಲವಾದರೆ ಮತ್ತೆ ಅಷ್ಟೇ ಕೊಡಿ. ಏರಿದ ಮೇಲೆ ಏನಾದರೂ ಊಟ ಮಾಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ. ಆ ರಾತ್ರಿ ಆಗಿದ್ದನ್ನು ಈ ವಾರವೇ ನಿಮ್ಮ ಡಾಕ್ಟರಿಗೆ ತಿಳಿಸಿ, ಮಾತ್ರೆ ಬದಲಿಸಬೇಕಾಗಬಹುದು.

ಈಗ ನೋಡಿ, ಪಕ್ಕದಲ್ಲೇ ಹೆಂಡತಿ, ಗೋಡೆಯಾಚೆ ಮಗ. ಆದರೂ ಅವರು ಯಾರನ್ನೂ ಕೂಗಲಿಲ್ಲ. ಕೂಗಿದರೆ ಮತ್ತೆ ಬೈಸಿಕೊಳ್ಳಬೇಕಲ್ಲ ಅಂತ ಕತ್ತಲಲ್ಲಿ ನಡುಗುತ್ತಾ ಮಲಗಿದ್ದರು. ನೀವು ಕೇಳಿದ್ದು ಪಥ್ಯದ ಬಗ್ಗೆ. ಅದಕ್ಕಿಂತ ಮುಂಚೆ ಸರಿಯಾಗಬೇಕಾದ್ದು ಇದು.

ನನಗೆ ಇದು ಚೆನ್ನಾಗಿ ಗೊತ್ತು. ಹಾಸನದಲ್ಲಿ ಕ್ಲಿನಿಕ್ ಇಟ್ಟು 28 ವರ್ಷವಾಯಿತು, ಸಕ್ಕರೆ ಕಾಯಿಲೆಯವರನ್ನು ದಿನಾ ನೋಡುತ್ತೇನೆ. ನಮ್ಮಪ್ಪನಿಗೂ ಅದೇ ಕಾಯಿಲೆ ಇತ್ತು. ಊರಿಗೆ ಹೋದಾಗಲೆಲ್ಲ ಅವರನ್ನು ಗದರುತ್ತಿದ್ದೆ. ಒಂದು ಬೆಳಿಗ್ಗೆ ಹಿತ್ತಲಲ್ಲಿ ನೀರಿನ ಸದ್ದಾಯಿತು. ಹೋಗಿ ನೋಡಿದರೆ ಅಪ್ಪ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ತಮ್ಮ ಪಂಚೆಯ ಅಂಚು ಉಜ್ಜುತ್ತಿದ್ದರು. ಜೀವಮಾನದಲ್ಲಿ ಒಂದು ಕರ್ಚೀಫು ಒಗೆದವರಲ್ಲ. ಅಂಚಿನಲ್ಲಿ ಕಂದು ಕಲೆ. ಎಡಗಾಲಿನ ಕಿರುಬೆರಳಿಗೆ ಹಳೇ ಬಟ್ಟೆ ಸುತ್ತಿದ್ದರು. ಬಿಚ್ಚಿದೆ. ವಾಸನೆ ಬಂತು. ಚಪ್ಪಲಿಯ ಮೊಳೆ ಚುಚ್ಚಿ ಮೂರು ವಾರವಾಗಿತ್ತಂತೆ. ನರ ಜಡವಾಗಿದ್ದರಿಂದ ನೋವೇ ಗೊತ್ತಾಗಿರಲಿಲ್ಲ. "ನೀನು ಬೈತೀಯ ಅಂತ ಹೇಳ್ಲಿಲ್ಲ ಮಗಾ" ಅಂದರು. ಆ ಬೆರಳು ತೆಗೆಸಬೇಕಾಯಿತು. ಡಾಕ್ಟರಾಗಿದ್ದ ಮಗಳಿಗೇ ಅವರು ಹೇಳಲಿಲ್ಲ. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಬೈಗುಳದಿಂದ ಮನಸ್ಸಿಗೆ ಮಾತ್ರ ನೋವು ಅಂತ ತಿಳಿಯಬೇಡಿ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು 42 ಜೋಡಿ ಗಂಡಹೆಂಡಿರ ತೋಳಿನ ಮೇಲೆ ಸಣ್ಣ ಬೊಬ್ಬೆ ಎಬ್ಬಿಸಿ, ಅದು ಮಾಯುವುದನ್ನು ಅಳೆದರು. ಒಂದು ಸಲ ಒಬ್ಬರಿಗೊಬ್ಬರು ಆಸರೆಯಾಗುವಂತೆ ಮಾತಾಡಿದರು. ಇನ್ನೊಂದು ಸಲ ಮನಸ್ತಾಪದ ವಿಷಯ ಎತ್ತಿಕೊಂಡರು. ಮನಸ್ತಾಪದ ಮಾತಾದಾಗ ಗಾಯ ನಿಧಾನವಾಗಿ ಮಾಯಿತು. ಒಬ್ಬರನ್ನೊಬ್ಬರು ಜಾಸ್ತಿ ಚುಚ್ಚಿ ಮಾತಾಡುವ ಜೋಡಿಗಳ ಗಾಯವಂತೂ, ಉಳಿದವರಿಗೆ ಹೋಲಿಸಿದರೆ ನೂರಕ್ಕೆ 60ರ ವೇಗದಲ್ಲಷ್ಟೇ ಮಾಯಿತು. ಇದು 2005ರಲ್ಲಿ ಪ್ರಕಟವಾಯಿತು. ಅದನ್ನು ಓದಿದಾಗ ನನಗೆ ಅಪ್ಪನ ಕಾಲೇ ಕಣ್ಣ ಮುಂದೆ ಬಂದಿತ್ತು.

ನಿಮ್ಮ ಮನೆಯಲ್ಲಿ ಎಚ್‌ಬಿಎ1ಸಿ ರಿಪೋರ್ಟು ಮಾರ್ಕ್ಸ್ ಕಾರ್ಡ್ ಆಗಿಬಿಟ್ಟಿದೆ. ನಮ್ಮ ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಅಷ್ಟು ದಿನ ಅದಕ್ಕೆ ಅಂಟಿದ ಸಕ್ಕರೆಯ ಲೆಕ್ಕ ಅದು. ಎರಡು ಮೂರು ತಿಂಗಳ ಸರಾಸರಿ ಅನ್ನಿ. ನಿನ್ನೆ ತಿಂದ ಒಂದು ಜಿಲೇಬಿಗೆ 9.4 ಆಗುವುದಿಲ್ಲ, ಇವತ್ತು ಬೈದರೆ ನಾಳೆ ಇಳಿಯುವುದೂ ಇಲ್ಲ. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ಅವರು ಕೆಟ್ಟವರೇನಲ್ಲ. ಅಪ್ಪನನ್ನು ಕಳೆದುಕೊಳ್ಳುವ ಭಯಕ್ಕೆ ರೇಗುತ್ತಿದ್ದಾರೆ. ಆ ಭಯವನ್ನೇ ಬಾಯಿಬಿಟ್ಟು ಹೇಳಲಿ: "ಅಪ್ಪ, ನಿಂಗೆ ಏನಾದ್ರೂ ಆದ್ರೆ ಅಂತ ನಂಗೆ ಹೆದರಿಕೆ." ಎದುರುಬದುರು ಕೂತು ಹೇಳುವುದು ಕಷ್ಟ. ತೋಟಕ್ಕೆ ಜೊತೆಯಲ್ಲಿ ನಡೆದು ಹೋಗುವಾಗ ಹೇಳಲಿ. ನಡಿಗೆಯೂ ಆಗುತ್ತೆ ಅಲ್ವಾ.

ತಟ್ಟೆ ಮುಂದೆ ಸಕ್ಕರೆಯ ಮಾತೇ ಬೇಡ. ಆ ನಿಯಮ ಇವತ್ತು ರಾತ್ರಿಯಿಂದಲೇ ಶುರುವಾಗಲಿ. ಅವರೊಬ್ಬರಿಗೆ ಬೇರೆ ಅಡುಗೆಯೂ ಬೇಡ. ಎಲ್ಲರಿಗೂ ಒಂದೇ ಸೊಪ್ಪಿನ ಸಾರು, ಒಂದೇ ಕಾಳು ಪಲ್ಯ. ಮುದ್ದೆ ಇರಲಿ, ಆದರೆ ಸಣ್ಣದು. ರಾಗಿಯಲ್ಲವಾ, ಎಷ್ಟು ಉಂಡರೂ ನಡೆಯುತ್ತೆ ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ, ಅದರಲ್ಲೂ ಪಿಷ್ಟ ಇದ್ದೇ ಇದೆ.

ಮನೆಯಲ್ಲಿ ಪರೀಕ್ಷೆ ಮಾಡಿದಾಗ 240 ಬಂದರೂ ಸುಮ್ನೆ ಪುಸ್ತಕದಲ್ಲಿ ಬರೆದಿಡಿ. ಮುಖ ಗಂಟಿಕ್ಕಬೇಡಿ. "ಏನ್ ತಿಂದ್ರಿ?" ಅನ್ನುವ ಬದಲು "ಮೈ ಹೇಗಿದೆ ಮಾವ ಇವತ್ತು?" ಅಂತ ಕೇಳಿ. ಅವರಾಗಿಯೇ "ಜಿಲೇಬಿ ತಿಂದೆ ಕಣಮ್ಮ" ಅಂದ ದಿನ ಮಾತ್ರ ಜೋಪಾನ. ಆ ದಿನ ಬೈದರೆ ಇನ್ನೊಂದು ಸಲ ಬಾಯಿ ಬಿಡುವುದಿಲ್ಲ. "ಹೇಳಿದ್ದು ಒಳ್ಳೇದಾಯ್ತು, ರಾತ್ರಿ ಮುದ್ದೆ ಸ್ವಲ್ಪ ಚಿಕ್ಕದು ಮಾಡ್ತೀನಿ" ಅನ್ನಿ. ಆದರೆ ಊಟ ಮಾತ್ರ ತಪ್ಪಿಸಬಾರದು. ಡಾಕ್ಟರ ಹತ್ತಿರ ಹೋದಾಗ ಮೊದಲು ಅವರೇ ಮಾತಾಡಲಿ. ನನ್ನ ಕ್ಲಿನಿಕ್ಕಿನಲ್ಲಿ ಎಷ್ಟೋ ಸಲ ಮಗ ದೂರು ಹೇಳುತ್ತಾನೆ, ಅಪ್ಪ ನೆಲ ನೋಡುತ್ತಾ ಕೂತಿರುತ್ತಾರೆ. ಆಗ ಮಗನನ್ನು ಸ್ವಲ್ಪ ಹೊರಗೆ ಕೂರಲು ಹೇಳುತ್ತೇನೆ.

ಮೊಮ್ಮಗಳಿಗೆ ಹೇಳಿದ್ದಾರಲ್ಲ, ಅದು ದೊಡ್ಡದು. ಅವಳನ್ನು ಮಾತ್ರ ಗೂಢಚಾರಿ ಮಾಡಬೇಡಿ. "ತಾತ ಏನ್ ತಿಂದ್ರು ಹೇಳು" ಅಂತ ಅವಳನ್ನು ಕೇಳಿದರೆ ಆ ಬಾಗಿಲೂ ಮುಚ್ಚುತ್ತದೆ.

ಇನ್ನು ನಿಮ್ಮ ಅತ್ತೆ. ನಲವತ್ತು ವರ್ಷ ಬಡಿಸಿದ ಕೈಗೆ ಈಗ ಅದು ಬೇಡ, ಇದು ಬೇಡ. ಅವರಿಗೊಂದು ಕೆಲಸ ಕೊಡಿ. ರಾತ್ರಿ ಮಲಗುವ ಮುಂಚೆ ಮಾವನವರ ಪಾದಕ್ಕೆ ಕೊಬ್ಬರಿ ಎಣ್ಣೆ ಹಚ್ಚಲಿ. ಹಚ್ಚುವಾಗಲೇ ಹಿಮ್ಮಡಿ, ಅಂಗಾಲು, ಬೆರಳ ಸಂದಿ ಎಲ್ಲ ದೀಪದ ಬೆಳಕಲ್ಲಿ ನೋಡಲಿ. ಗೀರು, ಗುಳ್ಳೆ, ಕೆಂಪು ಏನೇ ಕಂಡರೂ ಮರುದಿನವೇ ಡಾಕ್ಟರಿಗೆ ತೋರಿಸಿ. ಸಂದಿಗೆ ಮಾತ್ರ ಎಣ್ಣೆ ಬೇಡ, ಅಲ್ಲಿ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.