ರೆಕಾರ್ಡ್ ಪ್ಲೇಯರ್‌ಗಳಲ್ಲಿ ಹಳೆಯ ಥೋರೆನ್ಸ್ ಕೊಳ್ಳಲೇ, ಹೊಸ ಟೆಕ್ನಿಕ್ಸ್ ಕೊಳ್ಳಲೇ? ಯಾವುದರ ವೇಗ ಹೆಚ್ಚು ನಿಖರ?

ನಾನೂ ಒಮ್ಮೆ ಇದೇ ಎರಡು ಯಂತ್ರಗಳ ನಡುವೆ ಸಿಕ್ಕಿಕೊಂಡಿದ್ದೆ. ಉತ್ತರ ಸಿಕ್ಕಿತು ಎಂದುಕೊಂಡು ಥೋರೆನ್ಸ್ ಟಿಡಿ 124 ಅನ್ನು ಬಂದ ಬೆಲೆಗೆ ಮಾರಿಬಿಟ್ಟೆ. ಆ ಉತ್ತರ ತಪ್ಪಾಗಿತ್ತು. ರೆಕಾರ್ಡ್ ಹಾಕಿಕೊಂಡು ಅದರ ಜೊತೆ ಕೊಳಲು ಅಭ್ಯಾಸ ಮಾಡುತ್ತೇನೆ ಎಂದು ನೀವು ಬರೆದಿದ್ದೀರಿ. ಆ ಒಂದು ಮಾತು ಇಲ್ಲದಿದ್ದರೆ ಯಾವುದಾದರೂ ಕೊಳ್ಳಿ ಎಂದು ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ.

ಟಿಡಿ 124 ಸ್ವಿಟ್ಜರ್ಲೆಂಡಿನ ಯಂತ್ರ, 1957ರಲ್ಲಿ ಹೊರಬಂದದ್ದು. ಮೋಟಾರಿನಿಂದ ಬೆಲ್ಟ್ ಹೊರಟು ಮೆಟ್ಟಿಲು ಮೆಟ್ಟಿಲಾದ ಪುಲ್ಲಿಯನ್ನು ತಿರುಗಿಸುತ್ತದೆ, ಪುಲ್ಲಿ ರಬ್ಬರ್ ಚಕ್ರವನ್ನು, ಆ ಚಕ್ರ ನಾಲ್ಕೂವರೆ ಕಿಲೋ ತೂಗುವ ಕಬ್ಬಿಣದ ತಟ್ಟೆಯನ್ನು. ವೇಗ ತಿದ್ದಲು ಒಂದು ತಿರುಪು ಇದೆ. ಅದನ್ನು ತಿರುಗಿಸಿದರೆ ಒಳಗೆ ಅಯಸ್ಕಾಂತವೊಂದು ಪುಲ್ಲಿಯ ಹತ್ತಿರಕ್ಕೋ ದೂರಕ್ಕೋ ಸರಿಯುತ್ತದೆ, ವೇಗ ಸುಮಾರು 3% ಏರುತ್ತದೆ ಅಥವಾ ಇಳಿಯುತ್ತದೆ. ಜೊತೆಗೆ ಒಂದು ಪುಟ್ಟ ಕಿಟಕಿ. ನಿಯಾನ್ ದೀಪದ ಕಿತ್ತಳೆ ಬೆಳಕಿನಲ್ಲಿ ತಟ್ಟೆಯ ಅಡಿಯ ಗುರುತುಗಳು ಅದರೊಳಗೆ ಕಾಣುತ್ತವೆ. ಗುರುತುಗಳು ಮುಂದಕ್ಕೆ ಓಡಿದರೆ ವೇಗ ಹೆಚ್ಚು, ಹಿಂದಕ್ಕೆ ಸರಿದರೆ ಕಡಿಮೆ, ನಿಂತಂತೆ ಕಂಡರೆ ನಿಮಿಷಕ್ಕೆ ಸರಿಯಾಗಿ 33⅓ ಸುತ್ತು, ಅಂದರೆ ಎಲ್‌ಪಿ ರೆಕಾರ್ಡಿಗೆ ಬೇಕಾದ ವೇಗ. ಪ್ರತಿ ಸಲವೂ ಯಂತ್ರ ಬಿಸಿಯಾಗುವವರೆಗೆ ಕಾದು, ಗುರುತುಗಳು ಕದಲದಂತೆ ತಿದ್ದಿಯೇ ಮುಳ್ಳು ಇಳಿಸುತ್ತಿದ್ದೆ. ಶ್ರದ್ಧೆಯಲ್ಲಿ ಕೊರತೆ ಇರಲಿಲ್ಲ.

ನಮ್ಮ ಬೀದಿಯಲ್ಲಿ ಪಿಟೀಲು ಮೇಷ್ಟ್ರೊಬ್ಬರಿದ್ದರು. ಊರು ಬಿಟ್ಟು ಮಗಳ ಮನೆಗೆ ಹೋಗುವ ಮೊದಲು ತಮ್ಮ ಎಲ್‌ಪಿಗಳನ್ನು ಶಿಷ್ಯರಿಗೆ ಹಂಚುವುದೆಂದು ತೀರ್ಮಾನಿಸಿದರು. ಅದಕ್ಕೆ ಮುಂಚೆ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬೇಸಿಗೆ, ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುತ್ತಿದ್ದ ದಿನಗಳು. ಕರೆಂಟು ಹೋದರೆ ಇನ್ವರ್ಟರ್ ಇತ್ತು. ಪ್ಲೇಯರ್, ಆಂಪ್ಲಿಫೈಯರ್ ಎರಡನ್ನೂ ಅದಕ್ಕೇ ಸಿಕ್ಕಿಸಿ ಕೆಲಸ ಮುಂದುವರಿಸುತ್ತಿದ್ದೆ. ಕಡತಗಳನ್ನು ಒಪ್ಪಿಸಿದ ಮೇಲೆ ಮೇಷ್ಟ್ರಿಂದ ಫೋನು ಬಂತು. ವೀಣೆಯ ರೆಕಾರ್ಡ್ ಒಂದರ ಹೆಸರು ಹೇಳಿ, “ಒಂದೇ ಕಚೇರಿಯಲ್ಲವೇನಪ್ಪ? ಮೊದಲ ಮುಖಕ್ಕೂ ಎರಡನೆಯ ಮುಖಕ್ಕೂ ಶ್ರುತಿ ಹೇಗೆ ಬೇರೆಯಾಯಿತು?” ಎಂದು ಕೇಳಿದರು. ಎರಡೂ ಕಡೆಯ ತಂಬೂರಿಯನ್ನು ಒಂದರ ಹಿಂದೊಂದು ಹಾಕಿ ಕೇಳಿದೆ. ಎರಡನೆಯದು ಏರಿತ್ತು, ಅನುಮಾನಕ್ಕೆ ಎಡೆಯಿಲ್ಲದಷ್ಟು ಏರಿತ್ತು.

ಯಂತ್ರಕ್ಕೆ ವಯಸ್ಸಾಯಿತು ಎಂದೇ ಎಣಿಸಿದೆ. ರಬ್ಬರ್ ಗಟ್ಟಿಯಾಗಿರಬೇಕು, ಮೋಟಾರಿನ ದಂಡ ಕೂರುವ ಬುಶ್ ಸವೆದಿರಬೇಕು ಎಂದೆಲ್ಲ ಲೆಕ್ಕ ಹಾಕಿದೆ. 2016ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿದ್ದ ಟೆಕ್ನಿಕ್ಸ್‌ನ ಎಸ್‌ಎಲ್-1200ಜಿ ಕೊಂಡೆ. ಕರೆಂಟಿನಲ್ಲಿ ಹಾಕಿದರೂ ಇನ್ವರ್ಟರಿನಲ್ಲಿ ಹಾಕಿದರೂ ಶ್ರುತಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಹೊಸದೇ ನಿಖರ, ಹಳೆಯದು ಬರೀ ಹೆಸರು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಥೋರೆನ್ಸ್ ಹೋಯಿತು.

ಈಗ ತಪ್ಪು ಎಲ್ಲಿತ್ತು ನೋಡಿ. ಆ ನಿಯಾನ್ ದೀಪ ಉರಿಯುವುದು ಗೋಡೆಯ ಕರೆಂಟಿನಿಂದ. 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಅಲೆಯುವ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ. 33⅓ ಸುತ್ತಿನ ವೇಗದಲ್ಲಿ ಸೆಕೆಂಡಿಗೆ ಸರಿಯಾಗಿ 100 ಗುರುತುಗಳು ಕಣ್ಣ ಮುಂದೆ ಹಾಯಬೇಕು ಎಂದು ಲೆಕ್ಕ ಹಾಕಿ ತಟ್ಟೆಯ ಸುತ್ತ 180 ಗುರುತುಗಳನ್ನು ಹಾಕುತ್ತಾರೆ. ಒಂದು ಮಿನುಗಿಗೂ ಮುಂದಿನದಕ್ಕೂ ನಡುವೆ ಒಂದು ಗುರುತಿನ ಜಾಗಕ್ಕೆ ಇನ್ನೊಂದು ಬಂದು ಕೂರುವುದರಿಂದ ನಿಂತಂತೆ ಕಾಣುತ್ತದೆ. ಅಂದರೆ ಆ ಕಿಟಕಿ ತಟ್ಟೆಯನ್ನು ಹೋಲಿಸುತ್ತಿರುವುದು ಗಡಿಯಾರದೊಂದಿಗೆ ಅಲ್ಲ, ಕರೆಂಟಿನೊಂದಿಗೆ. ಕರೆಂಟು 51 ಹರ್ಟ್ಸ್ ಆದರೆ ದೀಪ 102 ಸಲ ಮಿನುಗುತ್ತದೆ. ಮೋಟಾರು ಕೂಡ ಅದೇ ಕರೆಂಟನ್ನು ಹಿಂಬಾಲಿಸುವುದರಿಂದ ತಟ್ಟೆಯೂ 2% ಜೋರಾಗಿ ತಿರುಗುತ್ತದೆ, ಶ್ರುತಿಯೂ ಅಷ್ಟೇ ಏರುತ್ತದೆ. ಗುರುತುಗಳು ಮಾತ್ರ ನಿಂತೇ ಇರುತ್ತವೆ! ಸ್ವಲ್ಪ ಕದಲಿದರೂ ತಿರುಪು ಹಿಡಿದು ನಿಲ್ಲಿಸುವ ನಾನಂತೂ ಇದ್ದೇ ಇದ್ದೆ. ಜಗ್ಗಿದರೆ ಹಿಗ್ಗುವ ಟೇಪಿನಲ್ಲಿ ಬಟ್ಟೆ ಅಳೆದ ಹಾಗಾಯಿತು. ಎಚ್ಚರಿಕೆಯಿಂದ ಅಳೆದಷ್ಟೂ ಎಚ್ಚರಿಕೆಯಿಂದ ತಪ್ಪುತ್ತಿದ್ದೆ.

ಎರಡನೆಯ ಮುಖ ಇಳಿಸಿದ್ದು ಇನ್ವರ್ಟರಿನಲ್ಲಿ. ಹಳೆಯ ಮಾದರಿಯ ಅಗ್ಗದ ಇನ್ವರ್ಟರುಗಳಲ್ಲಿ ಕರೆಂಟಿನ ಹರ್ಟ್ಸ್‌ಗೆ ತಾಳ ಹಾಕುವುದು ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್. ಬಿಸಿಯಾದಂತೆ, ವರ್ಷ ಕಳೆದಂತೆ ಅವುಗಳ ಲೆಕ್ಕ ಜಾರುತ್ತದೆ. ಫ್ಯಾನು, ಟ್ಯೂಬ್‌ಲೈಟಿಗೆ ಅದರಿಂದ ಏನೂ ಆಗುವುದಿಲ್ಲವಾದ್ದರಿಂದ ಯಾರೂ ಗಮನಿಸುವುದಿಲ್ಲ. 2% ಎಂದರೆ ಸಂಗೀತದಲ್ಲಿ ಸುಮಾರು 34 ಸೆಂಟ್. ಒಂದು ಸ್ವರಸ್ಥಾನದಿಂದ ಪಕ್ಕದ ಸ್ವರಸ್ಥಾನಕ್ಕೆ 100 ಸೆಂಟ್, ನಮ್ಮವರು ಹೇಳುವ ಪ್ರಮಾಣ ಶ್ರುತಿ ಎಂಬ ಅತಿ ಸಣ್ಣ ಅಂತರ ಸುಮಾರು 22 ಸೆಂಟ್. ಮೇಷ್ಟ್ರ ಕಿವಿಗೆ ಅದು ಬೀಳದೆ ಇರುತ್ತದೆಯೇ?

ಈ ಗುಟ್ಟು ತಿಳಿದದ್ದು ಯಂತ್ರ ಮಾರಿದ ಎಷ್ಟೋ ಸಮಯದ ಮೇಲೆ. ಮುಳ್ಳು ಇಳಿಸುವ ಮೊದಲೇ ರೆಕಾರ್ಡಿಂಗ್ ಶುರು ಮಾಡುವುದು ನನ್ನ ರೂಢಿ. ಉಳಿದಿದ್ದ ಮೂಲ ಕಡತವೊಂದರಲ್ಲಿ ಆ ಆರಂಭದ ಮೌನವನ್ನು ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಬಿಡಿಸಿ ನೋಡಿದೆ. ಆಂಪ್ಲಿಫೈಯರಿನ ಗುಂಯ್‌ಗುಡುವ ಸದ್ದು 100 ಹರ್ಟ್ಸ್‌ನಲ್ಲಿ ಇರಬೇಕಾದದ್ದು 102ರ ಆಸುಪಾಸಿನಲ್ಲಿ ನಿಂತಿತ್ತು. ಕಂಪ್ಯೂಟರಿನ ಗಡಿಯಾರ ಕ್ವಾರ್ಟ್ಜ್ ಹರಳಿನದು, ಅದು ಸುಳ್ಳು ಹೇಳುವುದಿಲ್ಲ. ಹಾಗಾದರೆ ಆ ಗುಂಯ್‌ಗಾಟವೇ ಕರೆಂಟು ಎಷ್ಟು ಜಾರಿತ್ತು, ತಟ್ಟೆ ಎಷ್ಟು ಜೋರಾಗಿ ತಿರುಗಿತ್ತು ಎಂಬುದರ ದಾಖಲೆ! ಅಷ್ಟೇ ಪ್ರಮಾಣದಲ್ಲಿ ಇಳಿಸಿದೆ, ಎರಡು ಮುಖಗಳ ತಂಬೂರಿ ಒಂದಾಯಿತು. ಆದರೆ ಬಹುಪಾಲು ಕಡತಗಳಲ್ಲಿ ಆ ಸದ್ದನ್ನು ನಾನೇ ಫಿಲ್ಟರ್ ಹಾಕಿ ತೆಗೆದು, ಆರಂಭದ ಮೌನವನ್ನೂ ಕತ್ತರಿಸಿ, ಜಾಗ ಉಳಿಸಲು ಮೂಲವನ್ನು ಅಳಿಸಿದ್ದೆ. ರೆಕಾರ್ಡುಗಳು ಅಷ್ಟರಲ್ಲಿ ಶಿಷ್ಯರ ಪಾಲಾಗಿದ್ದವು. ಅವುಗಳಲ್ಲಿ ಕೆಲವಕ್ಕೆ ಇಂದಿಗೂ ಸರಿಯಾದ ಶ್ರುತಿ ಯಾವುದೆಂದು ಹೇಳಲಾರೆ.

ಇನ್ವರ್ಟರಿನ ಮಾತು ಬಿಡಿ, ಮನೆಮನೆಗೆ ಕರೆಂಟು ಕೊಡುವ ಗ್ರಿಡ್ ಕೂಡ ಒಂದು ಕಾಲದಲ್ಲಿ ಹೀಗೇ ಇತ್ತು. 2003ರಲ್ಲಿ ಗ್ರಿಡ್‌ನ ಹರ್ಟ್ಸ್‌ಗೆ ತಕ್ಕಂತೆ ದರ ಹಾಕುವ ಹೊಸ ಪದ್ಧತಿ ಬರುವ ಮುಂಚೆ ದಕ್ಷಿಣದ ಗ್ರಿಡ್ ಸಂಜೆಯ ಹೊತ್ತು 49 ಹರ್ಟ್ಸ್‌ಗಿಂತ ಕೆಳಗೆ ಜಾರುವುದು ಮಾಮೂಲಾಗಿತ್ತು. ನಿಮ್ಮ ತಂದೆಯವರ ಕಾಲದ ಪ್ಲೇಯರ್ ಸಂಜೆ ಒಂದು ಶ್ರುತಿ, ನಡುರಾತ್ರಿ ಒಂದು ಶ್ರುತಿ ಹಾಡುತ್ತಿದ್ದರೆ ಅದರ ತಪ್ಪಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ನೊಂದಿಗೆ ಒಂದಾಯಿತು. ಈಗ ನಿಯಮದ ಪ್ರಕಾರ ಇರಬೇಕಾದ ಮಿತಿ 49.90ರಿಂದ 50.05 ಹರ್ಟ್ಸ್. ಆ ಮಿತಿಯ ಕೆಳತುದಿಯಲ್ಲಿ ತಪ್ಪುವುದು ಮೂರೂವರೆ ಸೆಂಟ್ ಮಾತ್ರ. ಇವತ್ತಿನ ಗೋಡೆಯ ಕರೆಂಟಿನಲ್ಲಿ ಒಳ್ಳೆಯ ಟಿಡಿ 124ರ ಕಿಟಕಿಯನ್ನು ಧಾರಾಳವಾಗಿ ನಂಬಬಹುದು. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಇನ್ನು ಹಳೆಯದು, ಹೊಸದು ಎಂಬ ನಿಮ್ಮ ವಿಂಗಡಣೆಯೇ ಸರಿಯಲ್ಲ. ವಿಂಗಡಿಸಬೇಕಾದದ್ದು ಕರೆಂಟಿನ ತಾಳಕ್ಕೆ ಕುಣಿಯುವ ಯಂತ್ರ ಮತ್ತು ಸ್ವಂತ ಕ್ವಾರ್ಟ್ಜ್ ಇರುವ ಯಂತ್ರ ಎಂದು. ಟೆಕ್ನಿಕ್ಸ್ ಮೋಟಾರೇ ನೇರವಾಗಿ ತಟ್ಟೆಯನ್ನು ತಿರುಗಿಸುವ, ಅಂದರೆ ನೇರ ಚಾಲನೆಯ, ತನ್ನ ಮೊದಲ ಯಂತ್ರ ಎಸ್‌ಪಿ-10 ತಂದದ್ದು 1970ರಲ್ಲಿ, ಅದರ ಎರಡನೆಯ ಅವತಾರಕ್ಕೆ ಕ್ವಾರ್ಟ್ಜ್ ಬಂದದ್ದು ಅದೇ ದಶಕದ ನಡುವೆ. 1979ರ ಎಸ್‌ಎಲ್-1200 ಎಂಕೆ2ರ ಕೈಪಿಡಿಯಲ್ಲಿ ವೇಗದ ಏರಿಳಿತ 0.025% ಎಂದಿದೆ. ನಾನು ದುಡ್ಡು ಸುರಿದು ಕೊಂಡ 1200ಜಿಯ ಕೈಪಿಡಿಯಲ್ಲೂ ಅದೇ 0.025%! ಈ ವಿಷಯ ನಲವತ್ತು ವರ್ಷಗಳ ಹಿಂದೆಯೇ ತೀರ್ಮಾನವಾಗಿದೆ. ಹಳೆಯ ಕೈಪಿಡಿಯಲ್ಲಿ ಪಕ್ಕದಲ್ಲೇ 0.01% ಎಂಬ ಇನ್ನೊಂದು ಅಂಕಿ ಇದೆ, ಅದಕ್ಕೊಂದು ಅಡಿಟಿಪ್ಪಣಿಯೂ ಇದೆ: ಅದು ರೆಕಾರ್ಡ್, ಕಾರ್ಟ್ರಿಜ್ (ಮುಳ್ಳಿನ ಗೂಡು), ಟೋನ್ ಆರ್ಮ್ (ಅದನ್ನು ಹೊರುವ ತೋಳು) ಬಿಟ್ಟು ತಿರುಗುವ ಭಾಗಕ್ಕೆ ಮಾತ್ರ ಸೇರಿದ ಅಂಕಿ. ಜಾಹೀರಾತುಗಳಲ್ಲಿ ಒಬ್ಬರು ಒಂದು ಬಗೆಯ ಅಂಕಿ, ಇನ್ನೊಬ್ಬರು ಇನ್ನೊಂದು ಬಗೆಯ ಅಂಕಿ ಹಾಕಿರುತ್ತಾರೆ. ಅವನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಕಾಲಹರಣ.

ಅಡಿಟಿಪ್ಪಣಿ ಬಿಟ್ಟಿರುವ ಆ ರೆಕಾರ್ಡೇ ಇಲ್ಲಿ ದೊಡ್ಡ ಕಳ್ಳ. ನಿಮ್ಮ ಬಳಿ ಇರುವ ಯಾವುದಾದರೂ ರೆಕಾರ್ಡ್ ಹಾಕಿ, ಬಗ್ಗಿ, ಮುಳ್ಳು ಹೊತ್ತ ಆರ್ಮಿನ ತುದಿಯನ್ನೇ ನೋಡಿ. ಅದು ನೇರವಾಗಿ ಒಳಕ್ಕೆ ಸರಿಯುವುದಿಲ್ಲ. ಸುತ್ತಿಗೊಮ್ಮೆ, ಅಂದರೆ 1.8 ಸೆಕೆಂಡಿಗೊಮ್ಮೆ, ಎಡಕ್ಕೂ ಬಲಕ್ಕೂ ತೂಗುತ್ತದೆ. ನಡುವಿನ ರಂಧ್ರ ಸರಿಯಾಗಿ ಕೇಂದ್ರದಲ್ಲಿ ಇಲ್ಲದಿರುವುದೇ ಕಾರಣ. ಒಟ್ಟು ತೂಗಾಟ ಅರ್ಧ ಮಿಲಿಮೀಟರ್ ಇದ್ದರೆ ರಂಧ್ರ ಕಾಲು ಮಿಲಿಮೀಟರ್ ಜಾರಿದೆ ಎಂದರ್ಥ. ಕೇಂದ್ರದಿಂದ 100 ಮಿಲಿಮೀಟರ್ ದೂರದ ಗೆರೆಯಲ್ಲಿ ಅದು ವೇಗವನ್ನು 0.25% ಏರಿಸಿ ಇಳಿಸುತ್ತದೆ, ಒಳಗೆ ಹೋದಂತೆ ಇನ್ನೂ ಹೆಚ್ಚು. ಅಳೆಯುವ ರೀತಿ ಬೇರೆಯಾದ್ದರಿಂದ ಕೈಪಿಡಿಯ ಅಂಕಿಯಿಂದ ಇದನ್ನು ನೇರವಾಗಿ ಭಾಗಿಸಬಾರದು, ಆದರೂ ಯಾವುದು ಆನೆ ಯಾವುದು ಇರುವೆ ಎಂಬುದು ತಿಳಿಯುತ್ತದೆ. ವೀಣೆಯ ಉದ್ದನೆಯ ಮೀಟಿನಲ್ಲಿ, ತಂಬೂರಿಯಲ್ಲಿ ಇದು ಕೇಳಿಸುತ್ತದೆ. 1980ರ ದಶಕದಲ್ಲಿ ನಕಾಮಿಚಿ ಕಂಪನಿ ರೆಕಾರ್ಡಿನ ಕೇಂದ್ರವನ್ನು ತಾನೇ ಹುಡುಕಿ ಸರಿಪಡಿಸುವ ಟಿಎಕ್ಸ್-1000 ಎಂಬ ಯಂತ್ರವನ್ನೇ ತಂದಿತ್ತು. ರೋಗ ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು.

ಥೋರೆನ್ಸ್ ನೋಡಲು ಹೋದಾಗ ಅಂಗಡಿಯವರು ತೋರಿಸುವ ಸ್ಟ್ರೋಬ್, ಅಂದರೆ ಆ ಮಿನುಗುವ ದೀಪದ ಕಿಟಕಿ, ನೋಡಿ ತಲೆದೂಗಬೇಡಿ. ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ, ಹೊರಗಿನ ಗೆರೆಗೆ ಮುಳ್ಳು ಇಳಿಸಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು 100 ಸುತ್ತು ಎಣಿಸಿ. ಸರಿಯಾಗಿ ಮೂರು ನಿಮಿಷ ಆಗಬೇಕು. ಬೆರಳು ತಡವಾಗಿ ಅರ್ಧ ಸೆಕೆಂಡ್ ಆಚೀಚೆಯಾದರೂ ತಪ್ಪು 0.3% ದಾಟುವುದಿಲ್ಲ. ಈ ಪರೀಕ್ಷೆಗೆ ಕರೆಂಟಿನ ಹಂಗಿಲ್ಲ. ಯಂತ್ರ ಚಾಲೂ ಮಾಡಿದ ಕೂಡಲೇ ಒಮ್ಮೆ, ಅರ್ಧ ಗಂಟೆಯ ಮೇಲೆ ಒಮ್ಮೆ ಮಾಡಿ. ಎರಡರ ನಡುವೆ ತುಂಬಾ ಅಂತರವಿದ್ದರೆ ಗ್ರೀಸು, ಬುಶ್, ರಬ್ಬರ್ ಚಕ್ರದ ಬಗ್ಗೆ ಕೇಳಿ. ಅಮೆರಿಕದಿಂದ ಬಂದ ಯಂತ್ರವಾದರೆ 60 ಹರ್ಟ್ಸ್‌ನ ಪುಲ್ಲಿಯೇ ಉಳಿದಿದೆಯೇ ನೋಡಿ. ಉಳಿದಿದ್ದರೆ 33⅓ರ ಬದಲು 28ಕ್ಕಿಂತ ಕಡಿಮೆ ಸುತ್ತು ತಿರುಗುತ್ತದೆ, ಷಡ್ಜ ಮೂರು ಸ್ವರಸ್ಥಾನ ಕೆಳಗಿಳಿದಿರುತ್ತದೆ.

ನಿಮ್ಮ ಕೊಳಲಿನ ವಿಷಯಕ್ಕೆ ಬರುತ್ತೇನೆ. ನಿಮಗೆ ನಿಖರವಾದ ವೇಗ ಬೇಕಾಗಿಯೇ ಇಲ್ಲ. ಪಿಟೀಲಿನವರು ಬಿರಡೆ ತಿರುಗಿಸಿ ರೆಕಾರ್ಡಿನ ಶ್ರುತಿಗೆ ಸೇರಿಕೊಳ್ಳುತ್ತಾರೆ, ನಿಮ್ಮ ಬಿದಿರಿಗೆ ಬಿರಡೆ ಎಲ್ಲಿದೆ? ಹಾಡಿದವರ ಶ್ರುತಿ ನಿಮ್ಮ ಕೊಳಲಿನದಕ್ಕಿಂತ ಕಾಲು ಮನೆ (ಆಧಾರ ಶ್ರುತಿ ಎಣಿಸುವ ಅಳತೆಗೆ ಮನೆ ಎನ್ನುತ್ತಾರೆ) ಕೆಳಗಿದ್ದರೆ, ಜಗತ್ತಿನ ಅತ್ಯಂತ ನಿಖರ ಯಂತ್ರವೂ ಆ ಕಾಲು ಮನೆಯ ಅಂತರವನ್ನು ಅಷ್ಟೇ ನಿಖರವಾಗಿ ಉಳಿಸಿಕೊಡುತ್ತದೆ. ನಿಮಗೆ ಬೇಕಾದದ್ದು ಬೇಕೆಂದಾಗ ಬೇಕಾದಷ್ಟೇ ತಪ್ಪಿ, ಆ ತಪ್ಪಿನಲ್ಲೇ ಗಟ್ಟಿಯಾಗಿ ನಿಲ್ಲುವ ಯಂತ್ರ. ಟಿಡಿ 124ರ ತಿರುಪು 3% ಕೊಡುತ್ತದೆ, ಸುಮಾರು ಅರ್ಧ ಸ್ವರಸ್ಥಾನ. 1200ಜಿ 8% ಕೊಡುತ್ತದೆ, ಗುಂಡಿ ಒತ್ತಿದರೆ 16% ವರೆಗೂ ಹೋಗುತ್ತದೆ, ಅಂದರೆ ಎರಡು ಸ್ವರಸ್ಥಾನಕ್ಕೂ ಮೀರಿ. ಹಳೆಯ ಎಂಕೆ2 ಕೂಡ 8% ಕೊಡುತ್ತದೆ, ಬೆಲೆ ಬಹಳ ಕಡಿಮೆ. ಅದರ ಒಳಗಿನ ಐಸಿಗಳು (ಚಿಪ್‌ಗಳು) ಈಗ ತಯಾರಾಗುವುದಿಲ್ಲ ಎಂಬುದೊಂದೇ ಅಳುಕು. ಹಾಗಾಗಿ ಥೋರೆನ್ಸ್ ಚೆಲುವಿಗೆ ನಾನು ಈಗಲೂ ಸೋಲುವವನೇ ಆದರೂ ನಿಮಗೆ ಹೇಳುವುದು ಎಂಕೆ2, ಅದು ಸಿಗದಿದ್ದರೆ 1200ಜಿ. ನಿಮ್ಮ ಕೊಳಲು ಎಷ್ಟು ಮನೆಯದು, ಯಾರ ರೆಕಾರ್ಡುಗಳ ಜೊತೆ ನುಡಿಸುತ್ತೀರಿ ಎಂದು ತಿಳಿಸಿದರೆ 8% ಸಾಲುತ್ತದೆಯೇ ಇಲ್ಲವೇ ಲೆಕ್ಕ ಹಾಕಿ ಹೇಳುತ್ತೇನೆ.